ಸೀಟು ಒಪ್ಪಿಕೊಳ್ಳುವ ಮೊದಲೇ ವಿದ್ಯಾರ್ಥಿವೇತನ ಗೊತ್ತಾಗಲಿ

ಸಂಪಾದಕರಿಗೆ,

ಮಾನ್ಯರೆ,

ಸಿಇಟಿ ಫಲಿತಾಂಶ ಪ್ರಕಟವಾಗಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಆದ್ಯತೆಯಂತೆ ನಮೂದಿಸುವುದು) ಶುರುವಾಗುವ ಹೊತ್ತಿಗೆ ನಮ್ಮ ಬೀದಿಯವರು, ನೆಂಟರ ಪೈಕಿಯವರು ಎಂದು ನಾಲ್ಕಾರು ಕುಟುಂಬಗಳು ಅಂಕಪಟ್ಟಿ ಹಾಗೂ ರ‍್ಯಾಂಕ್ ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬರುವುದು ಕೆಲವು ವರ್ಷಗಳಿಂದ ವಾಡಿಕೆಯಾಗಿದೆ. ನಾನು ಶಿಕ್ಷಣ ತಜ್ಞನಲ್ಲ. ಬ್ಯಾಂಕಿನಲ್ಲಿ 31 ವರ್ಷ ದುಡಿದು, ಅದರಲ್ಲಿ ಕೊನೆಯ 12 ವರ್ಷ ಹೆಚ್ಚಾಗಿ ಶಿಕ್ಷಣ ಸಾಲದ ಅರ್ಜಿಗಳನ್ನೇ ನೋಡಿ ನಿವೃತ್ತನಾದವನು. ಬಂದವರ ಪ್ರಶ್ನೆ ಸುತ್ತಿ ಬಳಸಿ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ: ಹೆಸರುವಾಸಿ ಎಂಜಿನಿಯರಿಂಗ್ ಕಾಲೇಜಿಗೆ ಸಾಲ ಮಾಡಿಯಾದರೂ ಸೇರಿಸುವುದೋ, ಅಷ್ಟು ಹೆಸರಿಲ್ಲದ ಕಾಲೇಜಿನಲ್ಲಿ ಶುಲ್ಕವಿಲ್ಲದೆ ದೊರೆಯುವ ಸೀಟನ್ನು ಒಪ್ಪಿಕೊಳ್ಳುವುದೋ? ಈ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರ ನನ್ನಲ್ಲಿಲ್ಲ. ಆದರೆ ಇದನ್ನು ನಿರ್ಧರಿಸಲು ಬೇಕಾದ ಮುಖ್ಯ ಸಂಗತಿಗಳೇ ಮನೆಯವರ ಕೈಗೆ ಸಿಗದಂತೆ ನಮ್ಮ ಪ್ರವೇಶ ವ್ಯವಸ್ಥೆ ನಡೆಯುತ್ತಿದೆ ಎಂಬುದು ವರ್ಷ ವರ್ಷವೂ ನನಗೆ ಮನದಟ್ಟಾಗುತ್ತಿದೆ. ಅದನ್ನು ತಮ್ಮ ಓದುಗರ ಮುಂದೆ ಮತ್ತು ಸಾಧ್ಯವಾದರೆ ಸಂಬಂಧಪಟ್ಟವರ ಮುಂದೆ ಇಡಬೇಕೆಂದು ಈ ಪತ್ರ.

ನಮ್ಮ ಮನೆಯಲ್ಲೇ ನಡೆದ ಸಂಗತಿಯಿಂದ ಆರಂಭಿಸುತ್ತೇನೆ. ನನ್ನ ತಂಗಿಯ ಮನೆ ಅರಸೀಕೆರೆ ತಾಲ್ಲೂಕಿನಲ್ಲಿದೆ. ಭಾವನವರದು ಅನುದಾನಿತ ಪ್ರೌಢಶಾಲೆಯಲ್ಲಿ ನೌಕರಿ, ಜೊತೆಗೆ 4 ಎಕರೆ ತೆಂಗಿನ ತೋಟ. ಸಂಬಳ ಮತ್ತು ಕೊಬ್ಬರಿ ಎರಡನ್ನೂ ಸೇರಿಸಿದರೆ ವರ್ಷಕ್ಕೆ 6 ಲಕ್ಷ ರೂಪಾಯಿಯ ಆದಾಯ. ಅವರ ಮಗಳಿಗೆ ಎರಡು ದಾರಿ ತೆರೆದಿತ್ತು. ಒಂದು, ಬೆಂಗಳೂರಿನ ಬಹಳ ಹೆಸರಿರುವ ಖಾಸಗಿ ಕಾಲೇಜಿನಲ್ಲಿ ಖಾಸಗಿ ಕಾಲೇಜುಗಳದೇ ಪ್ರವೇಶ ಪರೀಕ್ಷೆಯಾದ ಕಾಮೆಡ್–ಕೆ ಮೂಲಕ ಕಂಪ್ಯೂಟರ್ ಸೈನ್ಸ್; ಅದಕ್ಕೆ ಬೋಧನಾ ಶುಲ್ಕವೇ ವರ್ಷಕ್ಕೆ ಎರಡೂವರೆ ಲಕ್ಷದ ಮೇಲೆ, ಹಾಸ್ಟೆಲ್ ಮತ್ತು ಊಟಕ್ಕೆ ಇನ್ನೊಂದು ಲಕ್ಷ ಇಪ್ಪತ್ತು ಸಾವಿರ. ಇನ್ನೊಂದು, ಸಿಇಟಿ ಮೂಲಕ ಮೈಸೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್, ಅದೂ ಎಸ್‌ಎನ್‌ಕ್ಯೂ ಸೀಟು. ಈ ಎಸ್‌ಎನ್‌ಕ್ಯೂ ಎಂದರೇನೆಂದು ಬಹಳ ಮಂದಿಗೆ ತಿಳಿಯದ ಕಾರಣ ಇಲ್ಲಿ ಎರಡು ಮಾತು ಹೇಳಬೇಕು. ಪ್ರತಿ ಬ್ರಾಂಚ್‌ನ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಸೀಟುಗಳನ್ನು ಹೆಚ್ಚುವರಿಯಾಗಿ ಸೃಷ್ಟಿಸಿ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರುವ ಮಕ್ಕಳಿಗೆ ರ‍್ಯಾಂಕ್ ಪ್ರಕಾರ ಕೊಡುವ ವ್ಯವಸ್ಥೆ ಇದು. ಬೋಧನಾ ಶುಲ್ಕ ಪೂರ್ತಿ ಮಾಫಿಯಾಗುತ್ತದೆ, ಉಳಿದ ಶುಲ್ಕಗಳನ್ನು ಕಟ್ಟಬೇಕು, ಮುಂದೆ ಕಾಲೇಜನ್ನಾಗಲಿ ಬ್ರಾಂಚ್ ಅನ್ನಾಗಲಿ ಬದಲಾಯಿಸುವಂತಿಲ್ಲ. ಸದ್ದಿಲ್ಲದೆ ಎಷ್ಟೋ ಮಕ್ಕಳನ್ನು ಓದಿಸಿರುವ ಒಳ್ಳೆಯ ಯೋಜನೆ ಇದೆಂದು ನಾನು ತಿಳಿದಿದ್ದೇನೆ.

ಹಾಸ್ಟೆಲ್ ಸೇರಿ ಮೈಸೂರಿನ ಖರ್ಚು ವರ್ಷಕ್ಕೆ 90 ಸಾವಿರದಷ್ಟಾಗುತ್ತಿತ್ತು. ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷ ಚಿಲ್ಲರೆ. ಬೆಂಗಳೂರಿನದು ನಾಲ್ಕು ವರ್ಷಕ್ಕೆ 15 ಲಕ್ಷ. ನಡುವಿನ ಅಂತರ ಭಾವನವರ ಎರಡು ವರ್ಷದ ಆದಾಯಕ್ಕೆ ಹತ್ತಿರ, ಮತ್ತು ಆಗ ಹತ್ತನೇ ತರಗತಿಯಲ್ಲಿದ್ದ ಮಗನ ಓದು ಇನ್ನೂ ಮುಂದಿತ್ತು. ಆದರೂ ಭಾವನವರು, ‘ಅವಳ ಬುದ್ಧಿಗೆ ನಮ್ಮ ಬಡತನ ಅಡ್ಡ ಬರಬಾರದು, ತೋಟದ ಮೇಲೆ ಸಾಲ ತೆಗೆಯೋಣ’ ಎಂದೇ ಹೇಳುತ್ತಿದ್ದರು. ಆ ಮಾತಿನಲ್ಲಿದ್ದ ಪ್ರೀತಿಯನ್ನು ನಾನು ಗೌರವಿಸುತ್ತೇನೆ. ಆದರೆ ಇದೇ ಮಾತನ್ನು ಮೇಜಿನ ಆಚೆ ಕುಳಿತು ನೂರಾರು ತಂದೆಯರ ಬಾಯಲ್ಲಿ ಕೇಳಿ, ಐದಾರು ವರ್ಷಗಳ ಅನಂತರ ಅವರನ್ನೇ ಮತ್ತೆ ಕಂಡವನು ನಾನಾದ್ದರಿಂದ, ಅಂದು ರಾತ್ರಿ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ.

ಆ ಲೆಕ್ಕವನ್ನು ಇಲ್ಲಿಯೂ ಬರೆಯುತ್ತೇನೆ, ಏಕೆಂದರೆ ಸಾಲದ ಅರ್ಜಿಗೆ ಸಹಿ ಹಾಕುವ ಹೆಚ್ಚಿನವರು ಇದನ್ನು ಹಾಕಿ ನೋಡಿರುವುದಿಲ್ಲ. ವರ್ಷಕ್ಕೆ ಎರಡೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 10 ಲಕ್ಷ ಸಾಲ, ಬಡ್ಡಿ ಶೇ 10 ಎಂದು ಇಟ್ಟುಕೊಳ್ಳೋಣ. ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಬಡ್ಡಿಗೆ ಅಂಥ ರಜೆಯಿಲ್ಲ. ಮೊದಲ ವರ್ಷ ಪಡೆದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯ ವರ್ಷದ್ದಕ್ಕೆ ನಾಲ್ಕು, ಹೀಗೆ ಸರಳ ಬಡ್ಡಿಯನ್ನೇ ಲೆಕ್ಕ ಹಿಡಿದರೂ ಮೊದಲ ಕಂತಿನ ದಿನಕ್ಕೆ ಮೂರೂವರೆ ಲಕ್ಷ ರೂಪಾಯಿ ಬಡ್ಡಿ ಸೇರಿ ಸಾಲ ಹದಿಮೂರೂವರೆ ಲಕ್ಷವಾಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 17,800 ರೂಪಾಯಿಯ ಆಸುಪಾಸಿನ ಕಂತು ಬೇಕು. ಒಟ್ಟು ಕಟ್ಟುವುದು 21 ಲಕ್ಷದ ಮೇಲೆ. ಹದಿನೈದು ವರ್ಷಕ್ಕೆ ಹಂಚಿದರೆ ಕಂತು 14,500ಕ್ಕೆ ಇಳಿಯುತ್ತದೆ, ಕಟ್ಟುವ ಒಟ್ಟು ಹಣ 26 ಲಕ್ಷಕ್ಕೆ ಏರುತ್ತದೆ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ಹಲವು ವರ್ಷಗಳಿಂದ ಹೆಚ್ಚೇನೂ ಕದಲಿಲ್ಲ. ಅದರಲ್ಲಿ ಕೈಗೆ ಬರುವ ತಿಂಗಳ ಇಪ್ಪತ್ತೈದು ಸಾವಿರದಲ್ಲಿ 17,800 ಕಂತು ಕಟ್ಟಿ, ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಯನ್ನೂ ಕೊಟ್ಟು ಬದುಕುವುದು ಹೇಗೆಂದು ಯಾರಾದರೂ ಹೇಳಲಿ. ಕಟ್ಟಲಾಗದ ಕಂತು, ಮಗನ ಜೊತೆ ಸಾಲಕ್ಕೆ ಸಹಿ ಹಾಕಿ ಸಹಸಾಲಗಾರನಾದ ತಂದೆಯ ಹೆಗಲಿಗೇ ಬರುತ್ತದೆ. ಮೂರು ಕಂತು ತಪ್ಪಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ, ಸಾಲ ತೀರಿಸುವ ನಂಬಿಕೆಯನ್ನು ಅಳೆಯುವ ಸಿಬಿಲ್ ಅಂಕ ತಂದೆಯದೂ ಮಗನದೂ ಒಟ್ಟಿಗೆ ಕುಸಿಯುತ್ತದೆ, ಮುಂದೆ ಮನೆ ಸಾಲ ಕೇಳಲು ಹೋದಾಗ ಅದೇ ಅಡ್ಡ ನಿಲ್ಲುತ್ತದೆ. ಒಬ್ಬ ತಂದೆ ನನ್ನ ಮುಂದೆ ಕುಳಿತು, ಮಗನಿಗೆ ಕೆಲಸ ಸಿಕ್ಕಿಲ್ಲವೆಂದು ಹೇಳುವುದಕ್ಕೆ ಸಂಕೋಚಪಟ್ಟು, ‘ಈ ತಿಂಗಳು ಅಡಿಕೆ ಕೊಟ್ಟ ದುಡ್ಡು ಬರುತ್ತದೆ ಸಾರ್’ ಎಂದಷ್ಟೇ ಹೇಳಿ ಎದ್ದು ಹೋದದ್ದು ನನಗೆ ಇಂದಿಗೂ ನೆನಪಿದೆ. ಮಗ ಓದಿದ್ದು ಒಳ್ಳೆಯ ಹೆಸರಿನ ಕಾಲೇಜಿನಲ್ಲೇ.

ಸಾಲದ ವಿಷಯದಲ್ಲಿ ಸರ್ಕಾರದ ನೆರವಿಲ್ಲವೆಂದಲ್ಲ. ಆದಾಯ ನಾಲ್ಕೂವರೆ ಲಕ್ಷದೊಳಗಿರುವ ಕುಟುಂಬಗಳಿಗೆ, ನಿಗದಿತ ಮಾನ್ಯತೆ ಇರುವ ಕೋರ್ಸ್‌ಗಳಾದರೆ, ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಿಂದ ಇದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಕೊಡಬೇಕೆಂದಿದೆ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿಯೂ ಇದೆ. ಆದರೆ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವವರಿಗೆ ಆ ರಿಯಾಯಿತಿ ಇಲ್ಲ. ಆಯ್ದ ಪಟ್ಟಿಯಲ್ಲಿಲ್ಲದ ಕಾಲೇಜಿಗೆ ಏಳೂವರೆ ಲಕ್ಷ ಮೀರಿದ ಸಾಲ ಬೇಕೆಂದರೆ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಬರಬೇಕಾದ ಹಳೆಯ ಸ್ಥಿತಿಯೇ ಹೆಚ್ಚಿನ ಕಡೆ ಉಳಿದಿದೆ.

ತಂಗಿಯ ಮಗಳು ಅಂದು ನನ್ನನ್ನು ಕೇಳಿದ್ದು ಲೆಕ್ಕದ ಪ್ರಶ್ನೆಯನ್ನಲ್ಲ. ‘ಮಾವ, ಕಂಪ್ಯೂಟರ್ ಸೈನ್ಸ್ ಬಿಟ್ಟರೆ ಆಮೇಲೆ ಬೇಜಾರಾಗಲ್ವಾ?’ ಎಂದಳು. ಆಗುತ್ತದೆ ಎಂದೇ ನಾನು ಹೇಳಿದೆ, ಮತ್ತು ಆಯಿತು. ಅವಳಿಗಿಂತ ಕಡಿಮೆ ಅಂಕ ಪಡೆದ ಗೆಳತಿ ಬೆಂಗಳೂರಿನ ಅದೇ ಕಾಲೇಜಿಗೆ ಸೇರಿದ ಮೇಲೆ ಆರು ತಿಂಗಳು ಅವಳು ನನ್ನ ಫೋನಿಗೆ ಸಿಗಲಿಲ್ಲ. ಈಗ ಮೈಸೂರಿನಲ್ಲಿ ಮೂರನೆಯ ವರ್ಷದಲ್ಲಿದ್ದಾಳೆ. ಚಿಪ್ ವಿನ್ಯಾಸದ ವಿಷಯ ಅವಳಿಗೆ ಹಿಡಿಸಿದೆ, ಆದರೆ ಇಂಟರ್ನ್‌ಷಿಪ್‌ಗಾಗಿ ಬೆಂಗಳೂರಿನ ಕಂಪನಿಗಳಿಗೆ ತಾನೇ ಒಂದೊಂದಾಗಿ ಪತ್ರ ಬರೆಯಬೇಕಾಯಿತು. ಗೆಳತಿಯ ಕಾಲೇಜಿಗೆ ಕಂಪನಿಗಳೇ ಬರುತ್ತವೆ. ಈ ವ್ಯತ್ಯಾಸವನ್ನು ಮುಚ್ಚಿಟ್ಟು, ಎಲ್ಲಿ ಓದಿದರೂ ಒಂದೇ ಎಂದು ಹೇಳುವವರ ಜೊತೆ ನಾನು ಸೇರಲಾರೆ. ಕಾಲೇಜಿನ ಹೆಸರಿಗೆ ಬೆಲೆಯಿದೆ. ಆ ಬೆಲೆ ಎಷ್ಟು, ಅದನ್ನು ಯಾವ ಮನೆ ಯಾವ ಹಣದಿಂದ ಕೊಡಬಲ್ಲದು ಎಂಬುದನ್ನು ನೋಡದೆ ಮುನ್ನುಗ್ಗುವುದು ಬೇಡವೆಂಬುದಷ್ಟೇ ನನ್ನ ವಾದ.

ಹೆಸರಿನ ಬೆಲೆಯನ್ನು ಅಳೆಯಲು ಜಾಹೀರಾತಿನ ದಾರಿ ಬಿಟ್ಟು ಬೇರೆ ದಾರಿಯಿದೆ. ಈ ತಿಂಗಳುಗಳಲ್ಲಿ ದಿನಪತ್ರಿಕೆಗಳ ಪೂರ್ಣಪುಟದ ಜಾಹೀರಾತುಗಳಲ್ಲಿ ಅತಿ ಹೆಚ್ಚಿನ ಪ್ಯಾಕೇಜ್ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಸಂಖ್ಯೆ ಒಬ್ಬ ವಿದ್ಯಾರ್ಥಿಯದು. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಪ್ರತಿ ಸಂಸ್ಥೆಯೂ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪದವಿ ಪಡೆದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ನಿಲ್ಲುವ ಮೊತ್ತ ಯಾವುದು ಎಂಬ ಮಾಹಿತಿಯನ್ನು ಕೊಡಬೇಕಾಗುತ್ತದೆ ಮತ್ತು ಅದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕಾಗುತ್ತದೆ. ಆ ನಡುವಿನ ಮೊತ್ತವೇ ತಮ್ಮ ಮಗುವಿಗೆ ಸಿಗಬಹುದಾದದ್ದರ ಹತ್ತಿರದ ಅಂದಾಜು ಎಂದು ಪೋಷಕರು ತಿಳಿಯಬೇಕು. ಅದೇ ರೀತಿ ಕೋರ್ಸ್‌ನ ಗುಣಮಟ್ಟ ನೋಡಿ ರಾಷ್ಟ್ರೀಯ ಮಂಡಳಿ ಕೊಡುವ ಎನ್‌ಬಿಎ ಮಾನ್ಯತೆ ಕಾಲೇಜಿಗಲ್ಲ, ಒಂದೊಂದು ಬ್ರಾಂಚ್‌ಗೆ ಬೇರೆ ಬೇರೆಯಾಗಿ ಸಿಗುವಂಥದು. ಹೆಸರಾಂತ ಕಾಲೇಜಿನಲ್ಲಿ ಹೊಸದಾಗಿ ತೆರೆದ ಬ್ರಾಂಚ್‌ಗೆ ಅದು ಇಲ್ಲದಿರಬಹುದು, ಹಾಸನ, ದಾವಣಗೆರೆ, ಬಾಗಲಕೋಟೆಯಂಥ ಊರಿನ ಹಳೆಯ ಕಾಲೇಜಿನ ಸಿವಿಲ್ ವಿಭಾಗಕ್ಕೆ ಇರಬಹುದು. ನಮ್ಮ ರಾಜ್ಯದಲ್ಲಿ ಒಳ್ಳೆಯ ಎಂಜಿನಿಯರಿಂಗ್ ಶಿಕ್ಷಣ ಬೆಂಗಳೂರಿನ ಸ್ವತ್ತಾಗಿ ಎಂದೂ ಇರಲಿಲ್ಲ. ಮೈಸೂರಿನ ಎನ್‌ಐಇ 1946ರದು, ಹುಬ್ಬಳ್ಳಿಯ ಬಿವಿಬಿ 1947ರದು, ದಾವಣಗೆರೆಯ ಬಿಡಿಟಿ 1951ರದು, ಕಲಬುರಗಿಯ ಪಿಡಿಎ 1958ರದು. ಇಂದು ನಾವು ಹಿಂದೆ ಮುಂದೆ ನೋಡದೆ ಮೊದಲ ಆಯ್ಕೆಯಾಗಿ ಬರೆಯುವ ರಾಜಧಾನಿಯ ಹಲವು ಕಾಲೇಜುಗಳು ಇವುಗಳಿಗಿಂತ ಎಷ್ಟೋ ಕಿರಿಯವು.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನಾನು ಯಾವಾಗಲೂ ವಿದ್ಯಾರ್ಥಿವೇತನದ ಪರವೆಂದು ಯಾರೂ ಭಾವಿಸಬಾರದು. ನನ್ನ ಮನಸ್ಸಿಗೆ ಹೆಚ್ಚು ನೋವುಂಟುಮಾಡಿದ ಪ್ರಕರಣ ಇದಕ್ಕೆ ನೇರ ವಿರುದ್ಧವಾದದ್ದು. ಕೆಲವು ವರ್ಷಗಳ ಹಿಂದೆ ಪರಿಚಯದ ಒಬ್ಬ ಟೈಲರ್‌ನ ಮಗನಿಗೆ ಐಐಟಿಯೊಂದರಲ್ಲಿ ಸೀಟು ದೊರೆಯಿತು. ಐಐಟಿಗಳ ಬೋಧನಾ ಶುಲ್ಕ 2016ರಲ್ಲಿ 90 ಸಾವಿರದಿಂದ 2 ಲಕ್ಷಕ್ಕೆ ಏರಿದ್ದನ್ನು ಯಾರೋ ಅವರಿಗೆ ಹೇಳಿದ್ದರು. ನಾಲ್ಕು ವರ್ಷಕ್ಕೆ 8 ಲಕ್ಷ, ಮೇಲೆ ಹಾಸ್ಟೆಲ್ ಎಂದು ಕೇಳಿಯೇ ತಂದೆ ಹೆದರಿದರು. ಅದೇ ವಾರ ಒಂದು ಖಾಸಗಿ ವಿಶ್ವವಿದ್ಯಾಲಯ ಹುಡುಗನ ರ‍್ಯಾಂಕ್ ನೋಡಿ ಶೇ 100 ವಿದ್ಯಾರ್ಥಿವೇತನ ಕೊಡುವುದಾಗಿ ಪತ್ರ ಕಳುಹಿಸಿತು. ಅದಕ್ಕೇ ಸೇರಿಸಿದರು. ನನಗೆ ವಿಷಯ ತಿಳಿದದ್ದು ಒಂದೂವರೆ ವರ್ಷದ ಮೇಲೆ, ಸಾಲಕ್ಕಾಗಿ ಅವರು ಬ್ಯಾಂಕಿಗೆ ಬಂದಾಗ. ಒಂದು ಸೆಮಿಸ್ಟರ್‌ನಲ್ಲಿ ಜ್ವರ ಬಂದು ಹುಡುಗನ ಸಿಜಿಪಿಎ, ಅಂದರೆ ಒಟ್ಟು ಸರಾಸರಿ ಅಂಕ, ಪತ್ರದ ಕೊನೆಯ ಪುಟದಲ್ಲಿದ್ದ ಮಿತಿಗಿಂತ ಸ್ವಲ್ಪವೇ ಕೆಳಗೆ ಇಳಿದಿತ್ತು, ವಿದ್ಯಾರ್ಥಿವೇತನ ಪೂರ್ತಿ ನಿಂತುಹೋಗಿತ್ತು, ಮತ್ತೆ ಮಿತಿಯ ಮೇಲೆ ಬಂದರೂ ಅದನ್ನು ಮರಳಿ ಕೊಡುವ ನಿಯಮ ಇರಲಿಲ್ಲ. ಐಐಟಿ ಹಾಗೂ ಎನ್‌ಐಟಿಗಳಲ್ಲಿ ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ, 1ರಿಂದ 5 ಲಕ್ಷದೊಳಗಿದ್ದರೆ ಮೂರನೇ ಎರಡು ಭಾಗ ಮಾಫಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಆದಾಯ ಎಷ್ಟೇ ಇದ್ದರೂ ಪೂರ್ತಿ ಮಾಫಿ ಎಂಬುದನ್ನು ಆ ಟೈಲರ್‌ಗೆ ಯಾರೂ ಹೇಳಿರಲಿಲ್ಲ. ಅವರ ಆದಾಯಕ್ಕೆ 2 ಲಕ್ಷದ ಶುಲ್ಕ 67 ಸಾವಿರಕ್ಕೆ ಇಳಿಯುತ್ತಿತ್ತು. ಸುರತ್ಕಲ್‌ನ ಎನ್‌ಐಟಿಯಲ್ಲಾಗಿದ್ದರೆ 1,25,000ದ ಶುಲ್ಕ 42 ಸಾವಿರಕ್ಕೆ ಇಳಿಯುತ್ತಿತ್ತು. ಅಲ್ಲಿನ ಅರ್ಧದಷ್ಟು ಸೀಟುಗಳು ಕರ್ನಾಟಕದ ಮಕ್ಕಳಿಗೇ ಮೀಸಲು. ಶುಲ್ಕದ ವಿನಾಯಿತಿ ಹೆಸರುವಾಸಿ ಸಂಸ್ಥೆಯ ಒಳಗೇ ಇತ್ತು. ಆ ಮನೆಯವರು ಅದನ್ನು ಬಿಟ್ಟು ಹೊರಗಿನದಕ್ಕೆ ಕೈಚಾಚಿದರು, ತಿಳಿದಿದ್ದರೆ ಚಾಚುತ್ತಿರಲಿಲ್ಲ.

ಆದ್ದರಿಂದ ಧಾರಾಳವಾದ ವಿದ್ಯಾರ್ಥಿವೇತನದ ಪತ್ರ ಮನೆಗೆ ಬಂದಾಗ ಸಂತೋಷಪಡುವ ಮೊದಲು ಅದನ್ನು ಸಾಲದ ಕರಾರುಪತ್ರದಷ್ಟೇ ಎಚ್ಚರದಿಂದ ಓದಬೇಕು. ಮಾಫಿಯಾಗುವುದು ಬೋಧನಾ ಶುಲ್ಕ ಮಾತ್ರವೇ, ಅಥವಾ ಪ್ರಯೋಗಾಲಯ, ಕೌಶಲ ತರಬೇತಿ, ಹಾಸ್ಟೆಲ್ ಎಂಬ ಬೇರೆ ಬೇರೆ ಹೆಸರಿನ ಶುಲ್ಕಗಳೂ ಸೇರಿವೆಯೇ? ಮೊದಲ ವರ್ಷಕ್ಕೆ ಮಾತ್ರವೋ, ನಾಲ್ಕು ವರ್ಷಕ್ಕೋ? ಶುಲ್ಕ ವರ್ಷದಿಂದ ವರ್ಷಕ್ಕೆ ಏರಿದರೆ ವಿನಾಯಿತಿಯೂ ಜೊತೆಗೆ ಏರುತ್ತದೆಯೇ? ಒಂದು ವಿಷಯ ಬಾಕಿ ಉಳಿದರೆ ಏನಾಗುತ್ತದೆ, ಕಳೆದುಹೋದದ್ದನ್ನು ಮರಳಿ ಗಳಿಸಲು ಅವಕಾಶ ಇದೆಯೇ? ಉತ್ತರಗಳನ್ನು ಪ್ರವೇಶ ವಿಭಾಗದವರ ಬಾಯಿಮಾತಿನಲ್ಲಿ ಪಡೆಯದೆ ಬರವಣಿಗೆಯಲ್ಲಿ ಪಡೆಯಬೇಕು. ಬರೆದು ಕೊಡಲು ಒಪ್ಪದ ಸಂಸ್ಥೆಯ ವಿದ್ಯಾರ್ಥಿವೇತನವನ್ನು ಲೆಕ್ಕಕ್ಕೆ ಹಿಡಿಯಬಾರದೆಂದೇ ನಾನು ಎಲ್ಲರಿಗೂ ಹೇಳುತ್ತೇನೆ. ಇನ್ನೊಂದು ವಿಷಯ: ಸೇರಿದ ಮೇಲೆ ಮನಸ್ಸು ಬದಲಾದರೂ ತರಗತಿ ಆರಂಭವಾಗುವ ಮೊದಲೇ ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಹಿಡಿದುಕೊಳ್ಳದೆ ಶುಲ್ಕ ಹಿಂದಿರುಗಿಸಬೇಕು, ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳಬಾರದು ಎಂಬುದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ನಿಯಮ. ಅಂಕಪಟ್ಟಿ ಕೊಡುವುದಿಲ್ಲವೆಂದು ಹೆದರಿಸಿದ್ದಕ್ಕೆ ಒಳ್ಳೆಯ ಸೀಟು ಕಳೆದುಕೊಂಡವರನ್ನು ನಾನು ಬಲ್ಲೆ. ಈ ನಿಯಮ ಅವರಿಗೆ ಗೊತ್ತಿರಲಿಲ್ಲ.

ಬೇರೆ ಊರಿನ ಖರ್ಚನ್ನು ಯೋಚಿಸುವಾಗ ನಮ್ಮ ನಾಡಿನ ಒಂದು ಹಳೆಯ ಬಲವನ್ನು ಮರೆಯಬಾರದು. ವಾರಾನ್ನ ಉಂಡು, ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ, ಸಮುದಾಯದ ವಿದ್ಯಾರ್ಥಿನಿಲಯಗಳಲ್ಲಿ ಉಳಿದು ಎಂಜಿನಿಯರ್ ಆದವರ ಸಂಖ್ಯೆ ಚಿಕ್ಕದಲ್ಲ. ಇಂದಿಗೂ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿವೆ, ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳ ನೆರವಿದೆ. ಬೆಂಗಳೂರಿನ ಪಿ.ಜಿ. ಬಾಡಿಗೆಯ ಮುಂದೆ ಆ ನೆರವು ಏನೂ ಅಲ್ಲ ಎಂಬುದೂ ನಿಜ. ಹುಡುಗಿಯರಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ. ರೈತ ವಿದ್ಯಾನಿಧಿ 2021ರಲ್ಲಿ ಆರಂಭವಾದಾಗ ರೈತರ ಮಕ್ಕಳ ಎಂಜಿನಿಯರಿಂಗ್ ಓದಿಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಎಂದು ಗೊತ್ತುಪಡಿಸಿತ್ತು. ಇವುಗಳಲ್ಲಿ ತಮಗೆ ಸಲ್ಲುವುದು ದೊರೆತರೂ ಮನೆಯ ಭಾರ ಒಂದಿಷ್ಟು ಇಳಿಯುತ್ತದೆ.

ಆದರೆ ನಾನು ಈ ಪತ್ರ ಬರೆಯಲು ಮುಖ್ಯ ಕಾರಣವಾದ ಕೊರತೆ ಇರುವುದು ಇಲ್ಲಿಯೇ. ಇವುಗಳಲ್ಲಿ ಯಾವುದು ತನಗೆ ಸಿಗುತ್ತದೆ ಎಂಬುದು ಸೀಟು ಆಯ್ದುಕೊಳ್ಳುವ ದಿನ ಯಾವ ವಿದ್ಯಾರ್ಥಿಗೂ ತಿಳಿದಿರುವುದಿಲ್ಲ. ಕ್ರಮವೇ ಹಾಗಿದೆ: ಮೊದಲು ಸೀಟು ಹಂಚಿಕೆ, ಸೀಟು ಒಪ್ಪಿದೆ, ಮುಂದಿನ ಸುತ್ತಿಗೆ ಕಾಯುತ್ತೇನೆ ಎಂಬಂಥ ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಲು ಒಂದೆರಡು ದಿನದ ಗಡುವು, ಶುಲ್ಕ ಪಾವತಿ, ಕಾಲೇಜಿಗೆ ವರದಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿ ಹಾಗೂ ರಾಷ್ಟ್ರೀಯ ಪೋರ್ಟಲ್‌ಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿ ಅದಾದ ಮೇಲೆ. ಹಣ ಖಾತೆಗೆ ಬರುವುದು ಇನ್ನೂ ತಡವಾಗಿ. ಹಣವಿದ್ದವರಿಗೆ ಈ ಕ್ರಮದಿಂದ ತೊಂದರೆಯಿಲ್ಲ. ಇಲ್ಲದವರು ಮಾತ್ರ ತಮಗೆ ಎಷ್ಟು ನೆರವು ಸಿಗುವುದೆಂದು ತಿಳಿಯದೆ, ಒಂದೋ ಹೆದರಿ ಒಳ್ಳೆಯ ಸೀಟು ಬಿಡುತ್ತಾರೆ, ಇಲ್ಲವೇ ಸಿಕ್ಕೇ ಸಿಗುತ್ತದೆಂದು ನಂಬಿ ಸಾಲಕ್ಕೆ ಕೊರಳೊಡ್ಡುತ್ತಾರೆ. ಟೈಲರ್‌ನ ಮಗನಿಗೆ ಆದದ್ದು ಮೊದಲನೆಯದು, ಅಡಿಕೆಯ ದುಡ್ಡು ಬರುತ್ತದೆಂದ ತಂದೆಗೆ ಆದದ್ದು ಎರಡನೆಯದು.

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಎಂಜಿನಿಯರಿಂಗ್ ಕಾಲೇಜುಗಳ ಗೋಡೆಗಳ ಮೇಲೆಲ್ಲ ಬರೆಸಿದ್ದೇವೆ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಖರ್ಚು ನೀಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದ ಆ ಹುಡುಗ ಪುಣೆಗೆ ಎಂಜಿನಿಯರಿಂಗ್ ಓದಲು ಹೋದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ದೂರದ ಹೆಸರಾಂತ ಕಾಲೇಜೋ, ಮನೆಯ ಸ್ಥಿತಿಗೆ ತಕ್ಕ ಓದೋ ಎಂಬ ಆಯ್ಕೆಯನ್ನು ಅವರ ಮುಂದೆ ಇಡದೆ ಅಂದಿನ ಸರ್ಕಾರ ಎರಡನ್ನೂ ಸೇರಿಸಿ ಕೊಟ್ಟಿತು. ಮುಂದೆ ಅವರೇ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು, ನಾಡಿನ ಮಕ್ಕಳು ಪುಣೆಗೋ ಮದರಾಸಿಗೋ ಹೋಗಬೇಕಾದ ಅಗತ್ಯ ಕಡಿಮೆಯಾಯಿತು. ಇಂದಿನ ಯುವಿಸಿಇ ಅದೇ. ಸರ್ಕಾರಿ ಶುಲ್ಕದಲ್ಲಿ ಓದಬಹುದಾದ, ಹೆಸರೂ ಇರುವ ಅಂಥ ಕಾಲೇಜುಗಳು ಇಡೀ ರಾಜ್ಯದಲ್ಲಿ ಬೆರಳೆಣಿಕೆಯಷ್ಟೇ ಏಕಿವೆ ಎಂಬುದು ಬೇರೆಯೇ ಪತ್ರದ ವಿಷಯ.

ನನ್ನ ಕೋರಿಕೆ ದೊಡ್ಡ ವೆಚ್ಚದ್ದಲ್ಲ. ಸಿಇಟಿ ಅರ್ಜಿ ತುಂಬುವಾಗಲೇ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ವಿದ್ಯಾರ್ಥಿ ಕೊಟ್ಟಿರುತ್ತಾನೆ, ಅದು ಕಂದಾಯ ಇಲಾಖೆಯ ದಾಖಲೆಯೊಂದಿಗೆ ತಾಳೆಯಾಗಿರುತ್ತದೆ. ಎಸ್‌ಎಸ್‌ಪಿಯಲ್ಲಿ ಮತ್ತೆ ಕೇಳುವುದೂ ಅದೇ ಸಂಖ್ಯೆಯನ್ನು. ಅಂದ ಮೇಲೆ ಆಪ್ಷನ್ ಎಂಟ್ರಿಯ ಪುಟ ತೆರೆದಾಗಲೇ, ಈ ವಿದ್ಯಾರ್ಥಿ ಯಾವ ಯಾವ ವಿದ್ಯಾರ್ಥಿವೇತನಕ್ಕೆ, ಶುಲ್ಕ ವಿನಾಯಿತಿಗೆ, ಬಡ್ಡಿ ರಿಯಾಯಿತಿಗೆ ಅರ್ಹ ಎಂಬುದನ್ನು ತೋರಿಸಲು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೊಸ ದಾಖಲೆ ಯಾವುದೂ ಬೇಕಿಲ್ಲ. ಪ್ರತಿ ಕಾಲೇಜಿನ ಹೆಸರಿನ ಎದುರು ಈಗ ಕಾಣುವ ಮೊದಲ ವರ್ಷದ ಶುಲ್ಕದ ಜೊತೆಗೆ, ಹಾಸ್ಟೆಲ್ ಮತ್ತು ಇತರ ಶುಲ್ಕ ಸೇರಿದ ನಾಲ್ಕು ವರ್ಷದ ಒಟ್ಟು ಅಂದಾಜನ್ನು ಕಾಲೇಜಿನಿಂದಲೇ ಪಡೆದು ಹಾಕಬೇಕು. ಅಲ್ಲಿ ಹೇಳದ ಶುಲ್ಕವನ್ನು ಅನಂತರ ವಸೂಲಿ ಮಾಡಲು ಅವಕಾಶ ಇರಬಾರದು. ಖಾಸಗಿ ವಿಶ್ವವಿದ್ಯಾಲಯಗಳು ಪ್ರಕಟಿಸುವ ವಿದ್ಯಾರ್ಥಿವೇತನಗಳ ಷರತ್ತುಗಳು ಕನ್ನಡದಲ್ಲಿ, ಮೊದಲ ಪುಟದಲ್ಲೇ ಇರಬೇಕು ಮತ್ತು ಹಿಂದಿನ ವರ್ಷ ಎಷ್ಟು ಮಂದಿಗೆ ಕೊಟ್ಟು ಎಷ್ಟು ಮಂದಿಯಿಂದ ಹಿಂಪಡೆಯಲಾಯಿತು ಎಂಬುದನ್ನೂ ತಿಳಿಸಬೇಕೆಂದು ಸರ್ಕಾರ ಆದೇಶಿಸಬಹುದು. ಪದವಿಪೂರ್ವ ಕಾಲೇಜುಗಳಲ್ಲಿ ದ್ವಿತೀಯ ವರ್ಷದ ಪರೀಕ್ಷೆ ಮುಗಿದೊಡನೆ, ತಾಲ್ಲೂಕಿನ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಕರೆಸಿ ಪೋಷಕರಿಗೆ ಅರ್ಧ ದಿನ ಸಾಲದ ಲೆಕ್ಕ ಹೇಳಿಕೊಡಿಸಿದರೆ ಎಷ್ಟೋ ತೋಟಗಳು ಅಡಮಾನಕ್ಕೆ ಹೋಗುವುದು ತಪ್ಪುತ್ತದೆ, ಎಷ್ಟೋ ಐಐಟಿ ಸೀಟುಗಳು ಉಳಿಯುತ್ತವೆ. ನಿವೃತ್ತರಾದ ನಮ್ಮಂಥವರು ಈ ಕೆಲಸಕ್ಕೆ ಸಂಭಾವನೆ ಬಯಸುವುದಿಲ್ಲ; ನಮ್ಮ ಜಿಲ್ಲೆಯಲ್ಲಿ ಕರೆದಲ್ಲಿಗೆ ಹೋಗಲು ನಾನು ಸಿದ್ಧನಿದ್ದೇನೆ.

ನನ್ನ ತಂಗಿಯ ಮಗ ಈ ವರ್ಷ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಅಕ್ಕನಿಗೆ ಹಾಕಿದ ಲೆಕ್ಕದ ಕಾಗದವನ್ನು ಅವನು ಜೋಪಾನವಾಗಿ ಎತ್ತಿಟ್ಟುಕೊಂಡಿದ್ದಾನಂತೆ. ಬರುವ ಜೂನ್ ಹೊತ್ತಿಗೆ ಅವನು ಆಪ್ಷನ್ ಎಂಟ್ರಿಗೆ ಕೂರುವಾಗಲಾದರೂ ಆ ಕಾಗದದ ಅರ್ಧದಷ್ಟು ಅಂಕಿಗಳು ಪ್ರಾಧಿಕಾರದ ಪರದೆಯ ಮೇಲೆಯೇ ಕಾಣುವಂತಾಗಬೇಕೆಂದು ಉನ್ನತ ಶಿಕ್ಷಣ ಸಚಿವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ,
ಹಾಸನ